ಮೂರನೆಯ ಧಾತುವಿನ ಕಥೆ

ನನ್ನ ಬಳಿ ವಿಜ್ಞಾನ ಓದಿದವರಿಗೆ ಆವರ್ತ ಕೋಷ್ಟಕದ ಪಾಠ ನೆನಪಿರಬಹುದು. ಮೊದಲ ಇಪ್ಪತ್ತು ಧಾತುಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು, ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದೆ. ಹೈಡ್ರೋಜನ್, ಹೀಲಿಯಂ, ಲಿಥಿಯಂ... ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹೈಡ್ರೋಜನ್ ನೀರಲ್ಲಿದೆ, ಹೀಲಿಯಂ ಬಲೂನಲ್ಲಿದೆ, ಲಿಥಿಯಂ ಎಲ್ಲಿದೆ?" ಎಂದು ಕೇಳಿದ್ದ. "ಗಾಜಿನಲ್ಲಿದೆ, ಗ್ರೀಸಿನಲ್ಲಿದೆ, ಕೈಗಡಿಯಾರದ ಬ್ಯಾಟರಿಯಲ್ಲಿದೆ" ಎಂದು ಉತ್ತರಿಸಿ ಬೆರಿಲಿಯಂಗೆ ಹೋಗಿಬಿಟ್ಟೆ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಹೊತ್ತಿಗೆ ನಮ್ಮ ಮನೆಯ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ, ಪಂಚಾಂಗದ ಹಿಂದೆ ಮರೆಯಾಗಿ, ಒಂದು ಔಷಧಿಯ ಡಬ್ಬಿ ಇತ್ತು. ಅದರಲ್ಲಿದ್ದುದು ಲಿಥಿಯಂ ಕಾರ್ಬೊನೇಟ್ ಮಾತ್ರೆಗಳು. ನನ್ನ ತಮ್ಮ ಅವನ್ನು ದಿನವೂ ನುಂಗುತ್ತಿದ್ದ. ಆ ವಿಷಯವನ್ನು ತರಗತಿಯಲ್ಲಿರಲಿ, ಹತ್ತಿರದ ನೆಂಟರಲ್ಲಿಯೂ ನಾನು ಆಡಿರಲಿಲ್ಲ. ಇಂದು ಬರೆಯುತ್ತಿರುವುದು ತಮ್ಮನ ಒಪ್ಪಿಗೆ ಪಡೆದು. "ಬರಿ ಅಣ್ಣಯ್ಯ, ಇನ್ನು ಯಾರಿಗೆ ಮುಚ್ಚಿಡಬೇಕು?" ಎಂದು ಅವನೇ ಹೇಳಿದ್ದಾನೆ.

1983ರಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ. ನಿದ್ರೆಯಿಲ್ಲ, ಊಟದ ಪರಿವೆಯಿಲ್ಲ, ಮಾತು ಮಾತ್ರ ಹೊಳೆಯಂತೆ ಹರಿಯುತ್ತಿತ್ತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಗಿಂತ ದೊಡ್ಡದೊಂದು ಕಾರ್ಖಾನೆ ತೆರೆಯುತ್ತೇನೆಂದು ರಾತ್ರಿಯೆಲ್ಲ ನಕ್ಷೆ ಬರೆಯುತ್ತಿದ್ದ. ಎರಡು ತಿಂಗಳು ಕಳೆಯುವುದರೊಳಗೆ ಅದೇ ಹುಡುಗ ಗೋಡೆಗೆ ಮುಖಮಾಡಿ ಮಲಗಿದವನು ಏಳಲಿಲ್ಲ. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು. ಕೊನೆಗೆ ಬೆಂಗಳೂರಿನ ವೈದ್ಯರೊಬ್ಬರು ರೋಗಕ್ಕೆ ಹೆಸರು ಕೊಟ್ಟರು. ಆಗ ಅದನ್ನು ಉನ್ಮಾದ-ಖಿನ್ನತೆಯ ಕಾಯಿಲೆ ಎನ್ನುತ್ತಿದ್ದರು, ಈಗ ಬೈಪೋಲಾರ್ ಎನ್ನುತ್ತಾರೆ. ಅವರು ಬರೆದ ಚೀಟಿಯಲ್ಲಿ ಲಿಥಿಯಂ ಎಂಬ ಪದ ಕಂಡು, ವಿಜ್ಞಾನದ ಮೇಷ್ಟರಾದ ನನಗೇ ಅಚ್ಚರಿಯಾಯಿತು. ಒಂದು ಲೋಹದ ಲವಣ ಮನಸ್ಸನ್ನು ನೆಲೆಗೆ ತರುವುದೆಂದರೇನು? ಆ ಪ್ರಶ್ನೆಯ ಬೆನ್ನು ಹತ್ತಿ ಈ ನಲವತ್ತು ವರ್ಷಗಳಲ್ಲಿ ಓದಿ ತಿಳಿದುದನ್ನು ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ಲಿಥಿಯಂ ಪತ್ತೆಯಾದುದು 1817ರಲ್ಲಿ. ಸ್ಟಾಕ್‌ಹೋಮಿನಲ್ಲಿ ಬರ್ಜೀಲಿಯಸ್‌ನ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ಆರ್ಫ್‌ವೆಡ್‌ಸನ್ ಎಂಬ ಯುವಕ, ಊಟೊ ದ್ವೀಪದಿಂದ ಬಂದ ಪೆಟಲೈಟ್ ಎಂಬ ಖನಿಜವನ್ನು ವಿಶ್ಲೇಷಿಸುವಾಗ ಲೆಕ್ಕಕ್ಕೆ ಸಿಗದ ಹೊಸ ಕ್ಷಾರವೊಂದನ್ನು ಕಂಡ. ಸೋಡಿಯಂ, ಪೊಟ್ಯಾಸಿಯಂಗಳು ಸಸ್ಯದ ಬೂದಿಯಲ್ಲಿಯೂ ದೊರೆಯುತ್ತವೆ. ಇದು ಕಲ್ಲಿನಲ್ಲಿ ದೊರೆತದ್ದರಿಂದ ಗ್ರೀಕ್ ಭಾಷೆಯ 'ಲಿಥೋಸ್', ಅಂದರೆ ಕಲ್ಲು, ಎಂಬ ಪದದಿಂದ ಹೆಸರಿಟ್ಟರು. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು ಇದೇ. ನಮ್ಮ ಪ್ರಯೋಗಶಾಲೆಯಲ್ಲಿ ಸೋಡಿಯಂ ತುಣುಕು ಸೀಮೆಎಣ್ಣೆಯಲ್ಲಿ ಮುಳುಗಿ ಕುಳಿತಿರುತ್ತಿತ್ತಲ್ಲವೇ? ಲಿಥಿಯಂ ಆ ಸೀಮೆಎಣ್ಣೆಯ ಮೇಲೂ ತೇಲುತ್ತದೆ.

ವೈದ್ಯರು ಇದರತ್ತ ತಿರುಗಿದ್ದು ಮೂತ್ರಕೋಶದ ಕಲ್ಲಿನ ಹಾಗೂ ಗೌಟ್ ಎಂಬ ಕೀಲುಬೇನೆಯ ನೆಪದಲ್ಲಿ. ಈ ಬೇನೆಗೆ ಕಾರಣ ಯೂರಿಕ್ ಆಮ್ಲ. ಅದರ ಲವಣಗಳಲ್ಲಿ ಲಿಥಿಯಂ ಯೂರೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಲಿಥಿಯಂ ಕೊಟ್ಟರೆ ಕೀಲಿನಲ್ಲಿ ಕಟ್ಟಿಕೊಂಡ ಹರಳು ಕರಗೀತು ಎಂದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಗ್ಯಾರೊಡ್ ಮೊದಲಾದವರು ಎಣಿಸಿದರು. ಮನೋರೋಗಕ್ಕೂ ಅದನ್ನು ಕೊಟ್ಟವರಿದ್ದರು. 1871ರಲ್ಲಿ ನ್ಯೂಯಾರ್ಕಿನ ಹ್ಯಾಮಂಡ್ ಉನ್ಮಾದಕ್ಕೆ ಲಿಥಿಯಂ ಬ್ರೋಮೈಡ್ ಕೊಟ್ಟರು. ಡೆನ್ಮಾರ್ಕಿನ ಲಾಂಗೆ ಸೋದರರು ಮರುಕಳಿಸುವ ಖಿನ್ನತೆಗೆ ಲಿಥಿಯಂ ಬಳಸಿದರು. ಆದರೆ ಅವರ ಆಧಾರ ಸಿದ್ಧಾಂತ ಬಿದ್ದುಹೋದಾಗ ಅನುಭವವೂ ಜೊತೆಗೆ ಮರೆತುಹೋಯಿತು. ಲಿಥಿಯಂ ಬೆರೆಸಿದ ನೀರಿನ ಸೀಸೆಗಳು ಮಾತ್ರ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. 1929ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೆವೆನ್ ಅಪ್ ಪಾನೀಯದಲ್ಲಿಯೂ 1948ರವರೆಗೆ ಲಿಥಿಯಂ ಸಿಟ್ರೇಟ್ ಇತ್ತೆಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ.

ಇನ್ನು ಕಥೆಯ ಮುಖ್ಯ ಭಾಗ. ಜಾನ್ ಕೇಡ್ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ವೈದ್ಯ. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರ ಪತನವಾದಾಗ ಜಪಾನೀಯರಿಗೆ ಸೆರೆಸಿಕ್ಕು, ಮೂರು ವರ್ಷಕ್ಕೂ ಹೆಚ್ಚು ಕಾಲ ಚಾಂಗಿಯ ಶಿಬಿರದಲ್ಲಿ ಕಳೆದರು. ಅಲ್ಲಿ ಅನ್ನಾಂಗಗಳ ಕೊರತೆಯಿಂದ ಕೈದಿಗಳ ದೇಹದ ಜೊತೆಗೆ ಬುದ್ಧಿಯೂ ಕೆಡುವುದನ್ನು ಕಣ್ಣಾರೆ ಕಂಡರು. ಮನಸ್ಸಿನ ರೋಗಕ್ಕೆ ದೇಹದಲ್ಲಿಯೇ ಕಾರಣವಿರಬೇಕೆಂಬ ಅವರ ನಂಬಿಕೆ ಬಲಗೊಂಡದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಮೆಲ್ಬರ್ನಿನ ಅಂಚಿನ ಬಂಡೂರ ಎಂಬಲ್ಲಿ, ಮಾಜಿ ಸೈನಿಕರ ಮಾನಸಿಕ ಆಸ್ಪತ್ರೆಗೆ ಸೇರಿದರು. ಬಳಕೆ ತಪ್ಪಿದ ಒಂದು ಅಡುಗೆಕೋಣೆಯೇ ಅವರ ಪ್ರಯೋಗಶಾಲೆಯಾಯಿತು.

ಕೇಡ್ ಅವರ ಊಹೆ ಹೀಗಿತ್ತು: ಉನ್ಮಾದದಲ್ಲಿ ದೇಹ ಯಾವುದೋ ವಸ್ತುವನ್ನು ಅತಿಯಾಗಿ ತಯಾರಿಸುತ್ತದೆ, ಆ ವಸ್ತು ಮೂತ್ರದಲ್ಲಿ ಹೊರಬೀಳಬೇಕು. ರೋಗಿಗಳ ಮೂತ್ರವನ್ನು ಶೇಖರಿಸಿ ಗಿನಿಯಿಲಿಗಳಿಗೆ ಚುಚ್ಚಿ ನೋಡಿದರು. ಇಲಿಗಳನ್ನು ಕೊಲ್ಲುತ್ತಿದ್ದುದು ಯೂರಿಯಾ ಎಂದು ತಿಳಿಯಿತು. ಯೂರಿಕ್ ಆಮ್ಲ ಅದರ ವಿಷವನ್ನು ಹೆಚ್ಚಿಸುತ್ತದೆಯೇ ಎಂದು ನೋಡಲು ಅದನ್ನು ಕರಗಿಸಬೇಕಾಗಿತ್ತು. ಕರಗುವ ಲವಣ ಯಾವುದು? ಗೌಟ್ ವೈದ್ಯರ ಹಳೆಯ ಲಿಥಿಯಂ ಯೂರೇಟ್. ಅದನ್ನು ಬೆರೆಸಿದಾಗ ವಿಷ ಹೆಚ್ಚುವ ಬದಲು ತಗ್ಗಿತು. ಆಗ ಬರಿಯ ಲಿಥಿಯಂ ಕಾರ್ಬೊನೇಟನ್ನೇ ಕೊಟ್ಟರು. ಸ್ವಭಾವತಃ ಬೆದರುವ ಗಿನಿಯಿಲಿಗಳು, ಅಂಗಾತ ಮಲಗಿಸಿದರೂ ಮಗುಚಿಕೊಳ್ಳಲು ಒದ್ದಾಡದೆ ಸುಮ್ಮನೆ ನೋಡುತ್ತ ಮಲಗಿದವು. ಅದು ನಿಜವಾದ ಶಾಂತಿಯಾಗಿರದೆ ವಿಷದ ಮಂಕಾಗಿದ್ದಿರಬಹುದು ಎಂಬುದು ಅನೇಕ ತಜ್ಞರ ಅಭಿಪ್ರಾಯ. ಅಂದರೆ ತಪ್ಪು ದಾರಿ ಹಿಡಿದು ಹೊರಟ ಮನುಷ್ಯ ಸರಿಯಾದ ಬಾಗಿಲ ಮುಂದೆ ಬಂದು ನಿಂತಿದ್ದ. ಹಾಗಾದರೆ ಅದೃಷ್ಟವಷ್ಟೇ ಎನ್ನೋಣವೇ? ಗಿನಿಯಿಲಿ ಸುಮ್ಮನೆ ಮಲಗಿದ್ದನ್ನು ಗಮನಿಸಿ, ಅದೇಕೆಂದು ಯೋಚಿಸಿದ್ದು ಅದೃಷ್ಟವಲ್ಲ. ಕೇಡ್ ಮೊದಲು ಆ ಲವಣವನ್ನು ತಾವೇ ಸೇವಿಸಿ, ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ರೋಗಿಗೆ ಕೊಟ್ಟರು.

ಮೊದಲ ರೋಗಿ 51 ವರ್ಷದ ಒಬ್ಬ ಮಾಜಿ ಸೈನಿಕ. ಐದು ವರ್ಷಗಳಿಂದ ಬಿಡುವಿಲ್ಲದ ಉನ್ಮಾದ, ವಾರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಟಕೊಡುವವನೆಂಬ ಹೆಸರು. ಆ ಕಾಲದಲ್ಲಿ ಇಂಥವರಿಗೆ ಇದ್ದುದು ಮಂಕುಬರಿಸುವ ಔಷಧಗಳು, ವಿದ್ಯುದಾಘಾತ ಮತ್ತು ಬೀಗ. 1948ರ ಮಾರ್ಚ್ 29ರಂದು ಅವನಿಗೆ ಲಿಥಿಯಂ ಆರಂಭವಾಯಿತು. ಕೆಲವೇ ದಿನಗಳಲ್ಲಿ ಹತೋಟಿಗೆ ಬಂದ. ಜುಲೈ ಹೊತ್ತಿಗೆ ಆಸ್ಪತ್ರೆಯಿಂದ ಹೊರಟು ಹಳೆಯ ಕೆಲಸಕ್ಕೂ ಹೋದ. 1949ರ ಸೆಪ್ಟೆಂಬರ್ 3ರಂದು ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಹತ್ತು ಮಂದಿ ಉನ್ಮಾದ ರೋಗಿಗಳ ವೃತ್ತಾಂತವನ್ನು ಕೇಡ್ ಪ್ರಕಟಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಆದರೆ ಆ ಮೊದಲ ರೋಗಿ, ತಾನು ಗುಣವಾದೆನೆಂದು ನಂಬಿ ಮಾತ್ರೆ ಬಿಟ್ಟ. ರೋಗ ಮರಳಿತು, ಮತ್ತೆ ಆಸ್ಪತ್ರೆ ಸೇರಿದ. ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನಡೆದ ಚಿಕಿತ್ಸೆಯಲ್ಲಿ, 1950ರಲ್ಲಿ ಲಿಥಿಯಂ ವಿಷವೇರಿಯೇ ಅವನು ತೀರಿಕೊಂಡ. ಮನನೊಂದ ಕೇಡ್ ತಮ್ಮ ಆಸ್ಪತ್ರೆಯಲ್ಲಿ ತಾವೇ ಕಂಡ ಔಷಧವನ್ನು ನಿಲ್ಲಿಸಿಬಿಟ್ಟರು.

ಇದನ್ನು ಮೊದಲ ಬಾರಿಗೆ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ನಮ್ಮ ಬಂಧುಗಳಿಗೆ ಈಗ ಹೇಳಬೇಕು. 1986ರಲ್ಲಿ ತಮ್ಮನಿಗೆ ಒಂದು ಸಂಬಂಧ ಕೂಡಿಬಂದು, ನಿಶ್ಚಿತಾರ್ಥದ ದಿನ ಗೊತ್ತಾಗಿ, ಕೊನೆಗೆ ಮುರಿದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಜಾತಕ ಕೂಡಲಿಲ್ಲವೆಂದು ನಾವು ಹೇಳಿದೆವು. ನಿಜ ಸಂಗತಿ ಬೇರೆ. ಎರಡು ವರ್ಷ ತಮ್ಮ ಪೂರ್ತಿ ಸರಿಯಾಗಿದ್ದ. ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದಾಗ ಆ ಡಬ್ಬಿಯನ್ನು ಕಂಡರೆ ಗತಿಯೇನೆಂದು ನಾನು ಹೆದರಿದೆ. "ನೀನೀಗ ಚೆನ್ನಾಗಿಯೇ ಇದ್ದೀಯಲ್ಲ, ಇನ್ನು ಈ ಮಾತ್ರೆ ಏಕೆ? ಬಿಟ್ಟುಬಿಡು" ಎಂದೆ. ವೈದ್ಯರನ್ನು ಕೇಳಲಿಲ್ಲ. ಅಣ್ಣ, ಅದರಲ್ಲಿಯೂ ಮೇಷ್ಟರು, ಹೇಳಿದ ಮೇಲೆ ಅವನು ಬಿಟ್ಟ. ಮೂರು ತಿಂಗಳೊಳಗೆ ಕಬ್ಬಿನ ಹಣವನ್ನೆಲ್ಲ ಮಂಡ್ಯದ ಬೀದಿಯಲ್ಲಿ ಕಂಡಕಂಡವರಿಗೆ ಹಂಚಿ, ಹಗಲು ರಾತ್ರಿ ಹಾಡುತ್ತ ತಿರುಗಿದ. ಅವನನ್ನು ಹಿಡಿದು ತಂದು ಮತ್ತೆ ಬೆಂಗಳೂರಿನ ಬಸ್ಸು ಹತ್ತಿಸಿದ ದಿನ ಅವ್ವ ನನ್ನೊಂದಿಗೆ ಮಾತಾಡಲಿಲ್ಲ. ಔಷಧಿಯಿಂದ ಸರಿಯಿದ್ದಾನೆ ಎನ್ನುವುದಕ್ಕೂ, ಸರಿಯಿದ್ದಾನೆ ಆದ್ದರಿಂದ ಔಷಧಿ ಬೇಡ ಎನ್ನುವುದಕ್ಕೂ ಇರುವ ಅಂತರ ವಿಜ್ಞಾನದ ಪದವಿ ಪಡೆದ ನನಗೆ ತಿಳಿಯದೆ ಹೋಯಿತು.

ಮತ್ತೆ ಇತಿಹಾಸಕ್ಕೆ ಬರೋಣ. ಕೇಡ್ ಅವರ ಲೇಖನ ಬಂದ 1949ರಲ್ಲಿಯೇ ಅಮೆರಿಕದಲ್ಲಿ ಇನ್ನೊಂದು ಅನಾಹುತವಾಯಿತು. ಉಪ್ಪು ಬಿಡಬೇಕಾದ ಹೃದ್ರೋಗಿಗಳಿಗೆಂದು ಲಿಥಿಯಂ ಕ್ಲೋರೈಡನ್ನು ಉಪ್ಪಿನ ಬದಲಿಯಾಗಿ ಮಾರಲಾಗುತ್ತಿತ್ತು. ಅದನ್ನು ಊಟದ ಮೇಲೆ ಉದುರಿಸಿಕೊಂಡವರಲ್ಲಿ ಕೆಲವರು ಸತ್ತರು. ಕಾರಣ ಸರಳ. ಲಿಥಿಯಂ ಸೋಡಿಯಂನ ಸೋದರ, ಒಂದೇ ಗುಂಪಿನ ಧಾತುಗಳು. ಮೂತ್ರಪಿಂಡ ಅವೆರಡನ್ನೂ ಸರಿಯಾಗಿ ಬೇರ್ಪಡಿಸಲಾರದು. ದೇಹಕ್ಕೆ ಉಪ್ಪು ಕಡಿಮೆಯಾದಾಗ ಅದು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಬಿಟ್ಟವರಿಗೇ ಲಿಥಿಯಂ ಉಣಿಸಿದಂತಾಗಿ, ರಕ್ತದಲ್ಲಿ ಅದು ಏರುತ್ತಲೇ ಹೋಯಿತು. ಅಮೆರಿಕದಲ್ಲಿ ಲಿಥಿಯಂ ಎಂಬ ಹೆಸರೇ ಭಯ ಹುಟ್ಟಿಸುವಂತಾಯಿತು.

ಈ ಭಯವನ್ನು ಬಿಡಿಸಿದ್ದು ಅಳತೆ. ಮೆಲ್ಬರ್ನಿನಲ್ಲಿಯೇ ನೋಯಕ್ ಮತ್ತು ಟ್ರಾಟ್ನರ್ ಎಂಬವರು 1951ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ಚಿಕಿತ್ಸೆಯನ್ನು ವರದಿ ಮಾಡಿದರು. ರಕ್ತದಲ್ಲಿನ ಲಿಥಿಯಂ ಪ್ರಮಾಣವನ್ನು ಅಳೆದರೆ ಅಪಾಯವನ್ನು ದೂರವಿಡಬಹುದೆಂದು ಆ ದಶಕದಲ್ಲಿ ಖಚಿತವಾಗುತ್ತ ಬಂತು. ಅಳೆಯುವುದು ಹೇಗೆ? ನಾವು ಮಾಡುತ್ತಿದ್ದ ಜ್ವಾಲೆ ಪರೀಕ್ಷೆ ನೆನಪಿಸಿಕೊಳ್ಳಿ. ಸೋಡಿಯಂ ಲವಣ ಹಳದಿ ಜ್ವಾಲೆ ಕೊಡುತ್ತದೆ, ಲಿಥಿಯಂ ಕಡುಗೆಂಪು. ಆ ಕೆಂಪು ಎಷ್ಟು ಪ್ರಖರ ಎಂಬುದನ್ನು ಯಂತ್ರದಿಂದ ಅಳೆದರೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂಬುದು ತಿಳಿಯುತ್ತದೆ. ಅದೇ ಜ್ವಾಲಾ ಫೋಟೋಮಾಪಕ. ಪರೀಕ್ಷೆಯಲ್ಲಿ ಎರಡು ಅಂಕ ಬರುವುದೆಂದು ನೀವು ಬಾಯಿಪಾಠ ಮಾಡಿದ ಆ ಬಣ್ಣ ಎಷ್ಟೋ ಜೀವಗಳನ್ನು ಉಳಿಸಿದೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಔಷಧ, 1.5 ದಾಟಿದರೆ ವಿಷದತ್ತ ನಡೆ. ಔಷಧಕ್ಕೂ ವಿಷಕ್ಕೂ ನಡುವಣ ಬದು ಇಷ್ಟು ಕಿರಿದು.

ಎರಡನೆಯ ನಾಯಕ ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ. ಮನೋವೈದ್ಯರ ಮಗ. ಸೋದರನೊಬ್ಬನಿಗೆ ಯೌವನದಿಂದಲೇ ಖಿನ್ನತೆ ಮರಳಿ ಮರಳಿ ಬರುತ್ತಿತ್ತು. 1954ರಲ್ಲಿ, ಯಾರಿಗೆ ಲಿಥಿಯಂ, ಯಾರಿಗೆ ಹುಸಿಮಾತ್ರೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ ಪ್ರಯೋಗವನ್ನು ಸ್ಕೌ ಮತ್ತು ಸಂಗಡಿಗರು ಪ್ರಕಟಿಸಿದರು. ಮನೋವೈದ್ಯದಲ್ಲಿ ಇಂತಹ ಶಿಸ್ತಿನ ಪರೀಕ್ಷೆಗಳು ಆಗ ತೀರ ವಿರಳ. ಬಳಿಕ ಅದೇ ದೇಶದ ಬಾಸ್ಟ್ರುಪ್ ಇನ್ನೂ ದೊಡ್ಡ ಸಂಗತಿಯೊಂದನ್ನು ಗಮನಿಸಿದರು: ಲಿಥಿಯಂ ತೆಗೆದುಕೊಳ್ಳುತ್ತಲೇ ಇದ್ದವರಲ್ಲಿ ಉನ್ಮಾದವಷ್ಟೇ ಅಲ್ಲ, ಖಿನ್ನತೆಯೂ ಮರಳುವುದು ವಿರಳ. ಬಂದ ರೋಗವನ್ನು ಇಳಿಸುವ ಮದ್ದು, ಬಾರದಂತೆ ಕಾಯುವ ಮದ್ದೂ ಆಗಿತ್ತು. 1967ರಲ್ಲಿ ಇಬ್ಬರೂ ಸೇರಿ 88 ಮಹಿಳೆಯರ ವರದಿ ಪ್ರಕಟಿಸಿದರು. ಸ್ಕೌ ಅವರ ಸೋದರನೂ ಆ ದಶಕದಲ್ಲಿ ಲಿಥಿಯಂ ಆರಂಭಿಸಿ ಚೇತರಿಸಿಕೊಂಡ.

ಆದರೆ 1968ರಲ್ಲಿ ಲಂಡನ್ನಿನ ಬ್ಲ್ಯಾಕ್‌ವೆಲ್ ಮತ್ತು ಶೆಫರ್ಡ್ ಇದನ್ನು ಮತ್ತೊಂದು ಮಿಥ್ಯೆ ಇರಬಹುದೆಂದು ಪ್ರಶ್ನಿಸಿದರು. ಹೋಲಿಕೆಯ ಗುಂಪಿಲ್ಲದ ವರದಿ ನಂಬಲರ್ಹವಲ್ಲ ಎಂಬ ಅವರ ವಾದದಲ್ಲಿ ಹುರುಳಿತ್ತು. ಉತ್ತರಿಸಬೇಕಾದರೆ ಗುಣವಾಗಿರುವವರ ಮಾತ್ರೆಯನ್ನು ತೆಗೆದು ಹುಸಿಮಾತ್ರೆ ಕೊಡಬೇಕು. ಮರುಕಳಿಸಿದರೆ ಪ್ರಾಣಕ್ಕೇ ಸಂಚಕಾರ. ಡೇನರು ಹಿಂಜರಿದರು. ಕೊನೆಗೆ, ಉತ್ತರ ಸ್ಪಷ್ಟವಾದ ಕೂಡಲೇ ನಿಲ್ಲಿಸುವ ವಿಧಾನದಲ್ಲಿ 84 ಮಂದಿಯ ಪ್ರಯೋಗ ನಡೆಸಿ 1970ರಲ್ಲಿ ಪ್ರಕಟಿಸಿದರು. ಐದು ತಿಂಗಳಲ್ಲಿ ಹುಸಿಮಾತ್ರೆಯವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರೋಗ ಮರಳಿತ್ತು. ಲಿಥಿಯಂ ಮುಂದುವರಿಸಿದವರಲ್ಲಿ ಒಬ್ಬರಿಗೂ ಮರಳಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಉನ್ಮಾದಕ್ಕೆ ಅನುಮತಿ ದೊರೆಯಿತು, 1974ರಲ್ಲಿ ಮರುಕಳಿಸದಂತೆ ತಡೆಯಲು ಕೂಡ. ಇಷ್ಟು ತಡವಾದುದಕ್ಕೆ ಭಯವೊಂದೇ ಕಾರಣವಲ್ಲ. ಕಲ್ಲಿನಲ್ಲಿ ಸಿಗುವ ಅಗ್ಗದ ಲವಣಕ್ಕೆ ಪೇಟೆಂಟ್ ಇಲ್ಲ, ಅದನ್ನು ಮುಂದೆ ತಳ್ಳುವುದರಿಂದ ಯಾವ ಕಂಪನಿಗೂ ದೊಡ್ಡ ಲಾಭವಿರಲಿಲ್ಲ. ನಮ್ಮ 1986ರ ಮನೆಯ ಪ್ರಯೋಗದ ಉತ್ತರವನ್ನು ಡೇನರು ಹದಿನಾರು ವರ್ಷ ಮೊದಲೇ ಕಂಡುಹಿಡಿದಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಹಾಗಾದರೆ ಲಿಥಿಯಂ ಮಿದುಳಿನಲ್ಲಿ ಮಾಡುವುದೇನು? ಪೂರ್ಣ ಉತ್ತರ ಇಂದಿಗೂ ದೊರೆತಿಲ್ಲ, ದೊರೆತ ತುಣುಕುಗಳು ಮಾತ್ರ ಸ್ವಾರಸ್ಯಕರ. ಸೋಡಿಯಂ ಹೋಗುವ ದಾರಿಯಲ್ಲಿಯೇ ಲಿಥಿಯಂ ನರಕೋಶದ ಒಳಹೋಗುತ್ತದೆ. ಒಳಗೆ ಅದು ಕಾಡುವುದು ಮೆಗ್ನೀಸಿಯಂ ಅನ್ನು. ಎರಡರ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಕೆಲವು ಕಿಣ್ವಗಳಿಗೆ ಕೆಲಸ ಮಾಡಲು ಮೆಗ್ನೀಸಿಯಂ ಬೇಕು. ಆ ಜಾಗದಲ್ಲಿ ಲಿಥಿಯಂ ಹೋಗಿ ಕುಳಿತರೆ ಕಿಣ್ವ ಮಂದವಾಗುತ್ತದೆ. ಹೀಗೆ ಮಂದವಾಗುವ ಒಂದು ಕಿಣ್ವ, ಕೋಶದೊಳಗೆ ಸಂಕೇತ ಸಾಗಿಸಲು ಬೇಕಾದ ಇನೋಸಿಟಾಲ್ ಎಂಬ ವಸ್ತುವನ್ನು ಮರುಬಳಕೆಗೆ ಸಿದ್ಧಪಡಿಸುವಂಥದು. ಅತಿಯಾಗಿ ಗದ್ದಲ ಮಾಡುತ್ತಿರುವ ಕೋಶಗಳಿಗೆ ಇನೋಸಿಟಾಲ್ ಬೇಗ ಮುಗಿದು ಅವು ತಣ್ಣಗಾಗುತ್ತವೆ, ಶಾಂತವಾಗಿರುವ ಕೋಶಗಳಿಗೆ ಅಷ್ಟು ತೊಂದರೆಯಿಲ್ಲ ಎಂದು 1980ರ ದಶಕದಲ್ಲಿ ಬೆರಿಡ್ಜ್ ಎಂಬ ವಿಜ್ಞಾನಿ ಊಹಿಸಿದರು. ತರಗತಿಯಲ್ಲಿ ಕೂಗುವವನ ಗಂಟಲನ್ನಷ್ಟೇ ಕಟ್ಟಿಸುವ ಮೇಷ್ಟರಂತೆ ಎನ್ನಬಹುದು.

1996ರಲ್ಲಿ ಕ್ಲೈನ್ ಮತ್ತು ಮೆಲ್ಟನ್, ಲಿಥಿಯಂ ಜಿಎಸ್‌ಕೆ-3 ಎಂಬ ಮತ್ತೊಂದು ಕಿಣ್ವವನ್ನೂ ತಡೆಯುತ್ತದೆಂದು ತೋರಿಸಿದರು. ಇದು ಕೋಶದ ಬೆಳವಣಿಗೆ, ಉಳಿವುಗಳ ಮೇಲೆ ಹತೋಟಿಯಿರುವ ಕಿಣ್ವ. ಇದನ್ನು ತಡೆದಾಗ ನರಕೋಶಗಳನ್ನು ಕಾಯುವ ವ್ಯವಸ್ಥೆಗಳು ಚುರುಕಾಗುತ್ತವೆಂದು ಪ್ರಾಣಿಗಳ ಅಧ್ಯಯನಗಳು ಹೇಳುತ್ತವೆ. 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ವಾರ ಲಿಥಿಯಂ ಪಡೆದ ಹತ್ತು ರೋಗಿಗಳಲ್ಲಿ ಎಂಟು ಮಂದಿಯ ಮಿದುಳಿನ ಬೂದುದ್ರವ್ಯ ಶೇಕಡ 3ರಷ್ಟು ಹೆಚ್ಚಿದಂತೆ ಸ್ಕ್ಯಾನಿಂಗಿನಲ್ಲಿ ಕಂಡಿತು. ಅದು ನಿಜವಾದ ಬೆಳವಣಿಗೆಯೇ, ಚಿತ್ರದ ಮೇಲಿನ ಪರಿಣಾಮವೇ ಎಂದು ಕೆಲವರು ಪ್ರಶ್ನಿಸಿದ್ದುಂಟು. ನಂತರದ ಹಲವು ಅಧ್ಯಯನಗಳಲ್ಲಿಯೂ ಲಿಥಿಯಂ ಸೇವಿಸುವವರ ಬೂದುದ್ರವ್ಯ ಹೆಚ್ಚಾಗಿಯೇ ಕಂಡಿದೆ. 2015ರಲ್ಲಿ ವಿಜ್ಞಾನಿಗಳು ಬೈಪೋಲಾರ್ ರೋಗಿಗಳ ಚರ್ಮದ ಕೋಶಗಳಿಂದ ನರಕೋಶಗಳನ್ನು ಬೆಳೆಸಿದರು. ಗಾಜಿನ ತಟ್ಟೆಯಲ್ಲಿಯೂ ಅವು ಅತಿಯಾಗಿ ಉದ್ರೇಕಗೊಳ್ಳುತ್ತಿದ್ದವು. ಲಿಥಿಯಂ ಹಾಕಿದಾಗ ತಣ್ಣಗಾದುದು, ಆ ಔಷಧಕ್ಕೆ ಸ್ಪಂದಿಸಿದ್ದ ರೋಗಿಗಳ ಕೋಶಗಳು ಮಾತ್ರ. ಎಲ್ಲರಿಗೂ ಇದು ಸಮನಾಗಿ ಹಿಡಿಸುವುದಿಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ಅದ್ಭುತವಾಗಿ ಒಗ್ಗುತ್ತದೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಇದಕ್ಕಿರುವಷ್ಟು ಪುರಾವೆ ಈ ರೋಗದ ಬೇರೆ ಔಷಧಗಳಿಗಿಲ್ಲ ಎಂಬುದು ಅನೇಕ ತಜ್ಞರ ಮಾತು.

ಬೆಲೆ ತೆರುವುದೂ ಇದೆ. ಕೈ ನಡುಗುತ್ತದೆ, ಬಾಯಾರುತ್ತದೆ, ಥೈರಾಯ್ಡ್ ಕುಗ್ಗಬಹುದು, ದೀರ್ಘಕಾಲದಲ್ಲಿ ಮೂತ್ರಪಿಂಡಗಳಿಗೆ ಪೆಟ್ಟಾಗಬಹುದು. ವಾಂತಿಭೇದಿಯಾಗಿ ದೇಹದ ನೀರು ಇಳಿದರೆ, ಅಥವಾ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಿದರೆ, ಲಿಥಿಯಂ ಪ್ರಮಾಣ ಏರುತ್ತದೆ. ನಿಯತವಾಗಿ ರಕ್ತಪರೀಕ್ಷೆ ಮಾಡಿಸದೆ ಈ ಔಷಧ ನುಂಗುವುದು ಕಣ್ಣುಕಟ್ಟಿಕೊಂಡು ಕಟ್ಟೆಯ ಮೇಲೆ ನಡೆದಂತೆ. ಕೆಲವು ವರ್ಷಗಳ ಹಿಂದೆ ನನಗೆ ರಕ್ತದೊತ್ತಡ ಬಂದು, ಉಪ್ಪು ಕಡಿಮೆ ಮಾಡಿರೆಂದರು. ಮನೆಮಂದಿಗೆಲ್ಲ ಉಪ್ಪು ತಗ್ಗಿಸಲು ನಾನು ಹೊರಟಾಗ ತಡೆದವಳು ತಮ್ಮನ ಹೆಂಡತಿ. "ಭಾವ, ಅವರ ಉಪ್ಪು ಹಾಗೆಲ್ಲ ಏರುಪೇರು ಮಾಡಂಗಿಲ್ಲ, ಡಾಕ್ಟ್ರು ಹೇಳವ್ರೆ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಒಲೆಯ ಮೇಲೆ ಎರಡು ಪಾತ್ರೆ ಸಾರು.

ಅವಳ ಬಗೆಗೂ ಹೇಳಬೇಕು. 1991ರಲ್ಲಿ ಎರಡನೆಯ ಸಂಬಂಧ ಬಂದಾಗ ತಮ್ಮನೇ ಹೆಣ್ಣಿನ ಎದುರು ಆ ಡಬ್ಬಿಯನ್ನು ಇಟ್ಟು ಎಲ್ಲವನ್ನೂ ಹೇಳಿದ. ನಾನು ಬೇಡವೆಂದಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಇದನ್ನು ಊಟಕ್ಕೆ ಮುಂಚೆ ತಗೊಳ್ಳದಾ, ಆಮೇಲಾ?" ಎಂದು. ಅಂದಿನಿಂದ ಇಂದಿನವರೆಗಿನ ಪ್ರತಿ ರಕ್ತಪರೀಕ್ಷೆಯ ಅಂಕಿಯನ್ನೂ ಅವಳು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ. ಮಾತ್ರೆಯ ಡಬ್ಬಿ ಪಂಚಾಂಗದ ಹಿಂದಿನಿಂದ ಊಟದ ಮೇಜಿನ ಮೇಲೆ ಬಂದಿದೆ. ತಮ್ಮನಿಗೀಗ ಅರವತ್ತು ದಾಟಿದೆ. ನಡುವೆ ಎರಡು ಬಾರಿ ರೋಗ ಇಣುಕಿದ್ದುಂಟು, ಮಾತ್ರೆ ಬಿಟ್ಟದ್ದರಿಂದಲ್ಲ. ಗದ್ದೆ ನೋಡಿಕೊಳ್ಳುತ್ತಾನೆ, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾನೆ.

2021ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಭಾಗದಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಕೇಂದ್ರ ಸರ್ಕಾರ ತಿಳಿಸಿತು. ಎಲ್ಲರೂ ವಾಹನಗಳ ಬ್ಯಾಟರಿಯ ಮಾತಾಡುತ್ತಿದ್ದಾಗ ತಮ್ಮ ಪತ್ರಿಕೆ ಹಿಡಿದು ಬಂದು, "ಅಣ್ಣಯ್ಯ, ಬೆಂಗಳೂರಿಗೆ ಅಲೆದದ್ದೇ ಬಂತು, ನನ್ನ ಮದ್ದು ನಮ್ಮ ಬಂಡೆಯೊಳಗೇ ಇತ್ತಂತೆ" ಎಂದು ನಕ್ಕ.

ಹಿಂದಿನ ಬೆಂಚಿನಿಂದ ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದಿದರೆ, ಅವನಿಗೆ ನಾನು ಅಂದು ಅರ್ಧ ಉತ್ತರ ಕೊಟ್ಟಿದ್ದೆನೆಂದು ತಿಳಿಯಲಿ. ಉಳಿದ ನನ್ನ ಮಕ್ಕಳಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ, ಬಂಧುಗಳಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅವರು ಚೆನ್ನಾಗಿರುವ ದಿನ ನಾನು ಆಡಿದ ಮಾತನ್ನು ನೀವು ಆಡಬೇಡಿ. ಹೆಚ್ಚಿಸುವುದು, ತಗ್ಗಿಸುವುದು, ನಿಲ್ಲಿಸುವುದು ಎಲ್ಲವನ್ನೂ ವೈದ್ಯರಿಗೆ ಬಿಡಿ. ರಕ್ತಪರೀಕ್ಷೆಯ ದಿನ ಯಾವುದೆಂದು ಕೇಳಿ, ಸಾಧ್ಯವಾದರೆ ಜೊತೆಯಲ್ಲಿ ಹೋಗಿ. ನಾಡಿದ್ದು ಸೋಮವಾರ ತಮ್ಮನ ಪರೀಕ್ಷೆಯಿದೆ. ಹಿಂದಿನ ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ ರಕ್ತ ಕೊಡಬೇಕು. ಬೆಳಗಿನ ಬಸ್ಸಿಗೆ ಅವನೊಂದಿಗೆ ನಾನೂ ಹೊರಡುತ್ತೇನೆ.